ಎಸ್ಟೇಟ್ ಆಫೀಸು, ಗೋಡೌನು, ಹೋಂಸ್ಟೇ: ಮೂರಕ್ಕೂ ಒಂದೇ ನೆಟ್ ಲೈನ್, ತೊಂದರೆ ಎಲ್ಲಿದೆ?

ಸುಂಟಿಕೊಪ್ಪ_ಎಸ್ಟೇಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ರೋಬಸ್ಟಾ ತೋಟ, ಅದರೊಳಗೇ ನಾಲ್ಕು ಕೋಣೆಯ ಹೋಂಸ್ಟೇ. ಫೈಬರ್ ಲೈನ್ ಬರುವುದು ತೋಟದ ಆಫೀಸಿಗೆ, 100 ಎಂಬಿಪಿಎಸ್ ಪ್ಲಾನ್. ಅಲ್ಲಿಂದ ಮೇಲಿನ ಕಣ ಮತ್ತು ಗೋಡೌನಿಗೆ ಸುಮಾರು 160 ಮೀಟರ್, ಕೆಳಗಿನ ಹೋಂಸ್ಟೇಗೆ 240 ಮೀಟರ್.

ಈಗ ಇರುವ ವ್ಯವಸ್ಥೆ: ಗೋಡೌನಿಗೆ ಮರದಿಂದ ಮರಕ್ಕೆ ಕಟ್ಟಿದ ಕ್ಯಾಟ್ 6 ಕೇಬಲ್, ನಡುವೆ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಚಿಕ್ಕ ನೆಟ್‌ವರ್ಕ್ ಸ್ವಿಚ್. ಹೋಂಸ್ಟೇಗೂ ಹಾಗೆಯೇ ಕೇಬಲ್, ಅಲ್ಲಿ ಒಂದು ಹಳೆಯ ರೂಟರ್, ಕೊನೆಯ ಎರಡು ಕೋಣೆಗಳಿಗೆ ರಿಪೀಟರ್. ಕಣದಲ್ಲಿ, ಗೇಟಿನಲ್ಲಿ ಸೇರಿ 8 ಕ್ಯಾಮೆರಾ. ಲೆಕ್ಕದ ಟ್ಯಾಲಿ ತಂತ್ರಾಂಶದ ಡೇಟಾ ಆಫೀಸಿನ ಕಂಪ್ಯೂಟರಿನಲ್ಲಿದೆ, ಗೋಡೌನಿನ ತೂಕದ ಕಂಪ್ಯೂಟರು ಅದನ್ನೇ ನೆಟ್‌ವರ್ಕ್ ಮೂಲಕ ತೆರೆಯುತ್ತದೆ.

ತೊಂದರೆಗಳು: ಏಪ್ರಿಲ್-ಮೇ ಗುಡುಗು ಬಂದರೆ ಸ್ವಿಚ್ಚಿನ ಪೋರ್ಟ್ ಸುಡುತ್ತದೆ. ಸಂಜೆ ಅತಿಥಿಗಳು ತುಂಬಿದರೆ ಆಫೀಸಿನಲ್ಲಿ ವಿಡಿಯೋ ಕಾಲ್ ನಿಂತು ನಿಂತು ಬರುತ್ತದೆ, ಕಾರ್ಡ್ ಮೆಷೀನ್ ಸುತ್ತುತ್ತಲೇ ಇರುತ್ತದೆ. ಕೆಲವೊಮ್ಮೆ ಆಫೀಸಿನ ಪ್ರಿಂಟರ್ ಇದ್ದಕ್ಕಿದ್ದ ಹಾಗೆ ಕಾಣೆಯಾಗುತ್ತದೆ. ರಾತ್ರಿ ಹೊತ್ತು ಎರಡು ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುತ್ತವೆ. 300 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡರೆ ಸರಿಹೋಗುತ್ತದೆಯೇ? ಕೊಯ್ಲು ಶುರುವಾಗುವ ಮೊದಲೇ ಇದನ್ನೆಲ್ಲ ಸರಿ ಮಾಡಿಸಬೇಕು.

ನಾರುತಂತಿ ಉತ್ತರಿಸಿದ್ದು:

ಪ್ಲಾನ್ ಬದಲಾಯಿಸಬೇಡಿ ಸರ್. ನೀವು ಬರೆದ ಯಾವ ತೊಂದರೆಗೂ 100 ಎಂಬಿಪಿಎಸ್ ಕಾರಣವಲ್ಲ. ಎಲ್ಲವೂ ನಿಮ್ಮ ಗೇಟಿನ ಒಳಗೇ ಇರುವ ತೊಂದರೆಗಳು. ನಾನು ಕೇಬಲ್ ವಿಷಯ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

ತಾಮ್ರದ ಈಥರ್ನೆಟ್ ಕೇಬಲ್ಲಿಗೆ ಮಿತಿ 100 ಮೀಟರ್. ನಡುವೆ ಸ್ವಿಚ್ ಇಟ್ಟು ಅದನ್ನು ದಾಟಬಹುದು ನಿಜ, ಆದರೆ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯುವುದೇ ತಪ್ಪು. ಸಿಡಿಲು ನೇರ ಬಡಿಯಬೇಕಾಗಿಲ್ಲ, ಹತ್ತಿರದ ಮರಕ್ಕೆ ಬಡಿದರೂ ಸಾಕು. ಆಫೀಸಿನ ನೆಲದ ವೋಲ್ಟೇಜಿಗೂ ಗೋಡೌನಿನ ನೆಲದ ವೋಲ್ಟೇಜಿಗೂ ಆ ಕ್ಷಣದಲ್ಲಿ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ. ಈಥರ್ನೆಟ್ ಪೋರ್ಟಿನ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರನ್ನು ತಡೆದುಕೊಳ್ಳಲು ಪರೀಕ್ಷಿಸಿರುವುದು 1,500 ವೋಲ್ಟಿಗೆ. ಅದನ್ನು ಮೀರಿದ ಕೂಡಲೇ ಪೋರ್ಟ್ ಹೋಯಿತು, ಕೆಲವೊಮ್ಮೆ ಅದರ ಹಿಂದಿನ ಕಂಪ್ಯೂಟರೂ ಹೋಯಿತು. ಸ್ವಿಚ್ ಬದಲಾಯಿಸಿದಷ್ಟು ಸಲವೂ ಇದು ಮತ್ತೆ ಆಗುತ್ತದೆ.

ಆದ್ದರಿಂದ ಕಟ್ಟಡಗಳ ನಡುವೆ ಸಿಂಗಲ್ ಮೋಡ್ ಫೈಬರ್ ಹಾಕಿಸಿ. ಆಫೀಸಿನಿಂದ ಗೋಡೌನಿಗೆ ಒಂದು, ಹೋಂಸ್ಟೇಗೆ ಒಂದು, ಎರಡೂ ಬೇರೆ ಬೇರೆ. ಕೆಲಸಕ್ಕೆ ಬೇಕಾದದ್ದು ಒಂದೇ ಎಳೆ, ಆದರೂ 4 ಅಥವಾ 6 ಕೋರ್ ಕೇಬಲ್ ತನ್ನಿ. ಕೇಬಲ್ಲಿನ ಬೆಲೆ ದೊಡ್ಡದಲ್ಲ, ಚರಂಡಿ ತೋಡುವ ಕೂಲಿಯೇ ದೊಡ್ಡದು. ಒಂದು ಎಳೆ ಕೈಕೊಟ್ಟರೆ ಇನ್ನೊಂದಕ್ಕೆ ಬದಲಾಯಿಸಿಕೊಂಡು ಮಳೆಗಾಲ ಕಳೆಯಬಹುದು. ಒಳಗೆ ಲೋಹವಿಲ್ಲದ, ಗಾಜಿನಾರಿನ ಕಡ್ಡಿ ಇರುವ ಕೇಬಲ್ ಕೇಳಿ. ಉಕ್ಕಿನ ಕವಚದ ಕೇಬಲ್ ಹೆಗ್ಗಣದಿಂದ ರಕ್ಷಿಸುತ್ತದೆ, ಆದರೆ ಆ ಉಕ್ಕೇ ಮತ್ತೆ ಸಿಡಿಲನ್ನು ಒಳಗೆ ತರುತ್ತದೆ. ಉಕ್ಕಿನದನ್ನೇ ಹಾಕಿದರೆ ಕಟ್ಟಡದ ಹೊರಗೇ ಕವಚವನ್ನು ಕತ್ತರಿಸಿ, ಒಳಗೆ ಬರುವುದು ಬರೀ ಗಾಜಿನ ಎಳೆ ಆಗಿರಬೇಕು. ಹೆಗ್ಗಣಕ್ಕೆ ಎಚ್‌ಡಿಪಿಇ ಪೈಪ್ ಸಾಕು.

ಪೈಪ್ 32 ಮಿಲಿಮೀಟರಿನದು, ಆಳ ಎರಡು ಅಡಿಗೆ ಕಡಿಮೆ ಬೇಡ. ತೋಟದ ರಸ್ತೆ ದಾಟುವ ಕಡೆ ಮೇಲೆ ಜಿಐ ಪೈಪ್ ಹಾಕಿ, ಕಾಫಿ ತುಂಬಿದ ಟ್ರ್ಯಾಕ್ಟರ್ ಓಡಾಡುವ ಜಾಗ ಅದು. ಗಿಡದ ಸಾಲಿನ ಮಧ್ಯೆ ತರಬೇಡಿ, ಗುಂಡಿ ತೋಡುವಾಗ, ಕಳೆ ಕೆತ್ತುವಾಗ ಗುದ್ದಲಿ ಬೀಳುತ್ತದೆ. ರಸ್ತೆಯಂಚಿನಲ್ಲೇ ತಂದು, ಹೋದ ದಾರಿಯನ್ನು ತೋಟದ ನಕ್ಷೆಯಲ್ಲಿ ಗುರುತು ಹಾಕಿಡಿ. ಸೋಲಾರ್ ಬೇಲಿಯ ಪಕ್ಕದಲ್ಲಿ ತಾಮ್ರದ ಯಾವ ಕೇಬಲ್ಲೂ ಸಮಾನಾಂತರ ಹೋಗಬಾರದು. ಆನೆ ಬೇಲಿಯ ಪ್ರತಿ ಮಿಡಿತವೂ ಅದರಲ್ಲಿ ಸದ್ದಾಗಿ ಸೇರಿಕೊಳ್ಳುತ್ತದೆ. ಫೈಬರಿಗೆ ಆ ಬಾಧೆ ಇಲ್ಲ.

ನೆಲ ಅಗೆಯಲು ಆಗದ ಕಡೆ ಮೇಲಿಂದಲೇ ತರಬೇಕಾದರೆ ಕಂಬ ನೆಡಿಸಿ, ಸಿಲ್ವರ್ ಓಕಿಗೆ ಕಟ್ಟಬೇಡಿ. ಗಾಳಿಗೆ ಎರಡು ಮರಗಳು ಬೇರೆ ಬೇರೆ ಲಯದಲ್ಲಿ ತೂಗುತ್ತವೆ, ಜುಲೈ ತಿಂಗಳ ಗಾಳಿಮಳೆಗೆ ಎಳೆ ಹಿಗ್ಗಿ ಕೊನೆಗೆ ಕಡಿಯುತ್ತದೆ. ಮರ ಕಪಾತು ಮಾಡುವಾಗ ಬೀಳುವ ಕೊಂಬೆಯ ಲೆಕ್ಕ ಬೇರೆ.

ಎರಡೂ ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿಗೆ ಬದಲಿಸುವ ಡಬ್ಬ), ಅಥವಾ ಎಸ್‌ಎಫ್‌ಪಿ ಕಿಂಡಿ (ಫೈಬರ್ ಮಾಡ್ಯೂಲ್ ಕೂರುವ ಜಾಗ) ಇರುವ ಸ್ವಿಚ್ಚೇ ಕೊಂಡರೆ ಇನ್ನೂ ಒಳ್ಳೆಯದು, ಒಂದು ಅಡಾಪ್ಟರ್ ಕಡಿಮೆಯಾಯಿತು. ಒಂದೇ ಎಳೆಯಲ್ಲಿ ಎರಡೂ ದಿಕ್ಕು ಓಡಿಸುವ ಮಾಡ್ಯೂಲ್ ಜೋಡಿಯಾಗಿ ಬರುತ್ತದೆ: ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ತದ್ವಿರುದ್ಧ. ಅಂಗಡಿಯಲ್ಲಿ ಎರಡೂ ಒಂದೇ ಬಗೆಯದನ್ನು ಕೊಟ್ಟುಬಿಟ್ಟರೆ ಲಿಂಕ್ ದೀಪ ಎಂದಿಗೂ ಹೊತ್ತುವುದಿಲ್ಲ. 20 ಕಿಲೋಮೀಟರಿನ ಮಾಡ್ಯೂಲ್ ಸಾಕು. ದೊಡ್ಡದಿರಲಿ ಎಂದು 80 ಕಿಲೋಮೀಟರಿನದು ತಂದರೆ ಇಷ್ಟು ಹತ್ತಿರದಲ್ಲಿ ಬೆಳಕು ಹೆಚ್ಚಾಗಿ ರಿಸೀವರಿಗೇ ಪೆಟ್ಟು. ಕನೆಕ್ಟರ್ ಹಸಿರಾದರೆ ಎರಡೂ ಕಡೆ ಹಸಿರು, ನೀಲಿಯಾದರೆ ಎರಡೂ ಕಡೆ ನೀಲಿ. ಹಸಿರಿನ ತುದಿಯನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಯ ಜೊತೆ ಸೇರಿಸಿದರೆ ನಡುವೆ ಗಾಳಿ ಉಳಿದು ಬೆಳಕು ಸೋರುತ್ತದೆ. ಜಾಯಿಂಟುಗಳನ್ನು ಎಳೆ ಕರಗಿಸಿ ಬೆಸೆಯುವ ಸ್ಪ್ಲೈಸಿಂಗ್ ಮೆಷೀನಿನಲ್ಲೇ ಮಾಡಿಸಿ. ಒತ್ತಿ ಕೂರಿಸುವ ದಿಢೀರ್ ಕನೆಕ್ಟರ್ ನಮ್ಮ ತೇವಕ್ಕೆ ಬಾಳುವುದಿಲ್ಲ.

ಕಟ್ಟಡದ ಒಳಗೆ ಕ್ಯಾಟ್ 6 ಇರಲಿ, ಆದರೆ ಶುದ್ಧ ತಾಮ್ರದ್ದು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ರೋಲ್ ಎತ್ತಿದರೆ ಹಗುರ ಎಂದು ಗೊತ್ತಾಗುತ್ತದೆ. ನಿಮ್ಮ ರಾತ್ರಿಯ ಕ್ಯಾಮೆರಾ ರೋಗಕ್ಕೆ ನನ್ನ ಮೊದಲ ಅನುಮಾನ ಇದೇ. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹೊತ್ತಿ ಕರೆಂಟ್ ಹೆಚ್ಚು ಎಳೆಯುತ್ತದೆ, ಉದ್ದದ ಅಲ್ಯೂಮಿನಿಯಂ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಎರಡನೆಯ ಅನುಮಾನ ಪಿಒಇ (ಡೇಟಾ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ) ಸ್ವಿಚ್ಚಿನ ಒಟ್ಟು ಸಾಮರ್ಥ್ಯ. 8 ಕ್ಯಾಮೆರಾ ತಲಾ 7 ವ್ಯಾಟ್ ಎಂದರೂ 56 ವ್ಯಾಟ್, ಸ್ವಿಚ್ಚಿನ ಬೆನ್ನಿನ ಮೇಲೆ ಎಷ್ಟು ಬರೆದಿದೆ ನೋಡಿ.

ಪ್ಯಾಕೆಟ್‌ಪಥ ಉತ್ತರಿಸಿದ್ದು:

ಮೇಲಿನ ಉತ್ತರಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಪ್ರಿಂಟರ್ ಕಾಣೆಯಾಗುವುದಕ್ಕೆ ಕಾರಣ ಹೆಚ್ಚುಕಡಿಮೆ ಖಚಿತವಾಗಿ ಹೋಂಸ್ಟೇಯ ಹಳೆಯ ರೂಟರ್. ಆಫೀಸಿನ ರೂಟರೂ ನೆಟ್‌ವರ್ಕಿನ (ಐಪಿ) ವಿಳಾಸ ಹಂಚುತ್ತದೆ, ಅದೂ ಹಂಚುತ್ತದೆ. ಯಾವ ಕಂಪ್ಯೂಟರಿಗೆ ಯಾರ ಉತ್ತರ ಮೊದಲು ಸಿಕ್ಕಿತೋ ಆ ವಿಳಾಸ ಹಿಡಿಯುತ್ತದೆ. ಒಂದು 192.168.1ರ ಸಾಲಿನಲ್ಲಿ, ಇನ್ನೊಂದು 192.168.0ರ ಸಾಲಿನಲ್ಲಿ ಕುಳಿತರೆ ಒಂದಕ್ಕೊಂದು ಕಾಣುವುದಿಲ್ಲ. ಪರೀಕ್ಷೆ ಸುಲಭ: ಪ್ರಿಂಟರ್ ಕಾಣೆಯಾದಾಗ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಹೊಡೆದು ಡೀಫಾಲ್ಟ್ ಗೇಟ್‌ವೇ ನೋಡಿ, ಆಫೀಸಿನ ರೂಟರಿನ ವಿಳಾಸ ಅಲ್ಲದಿದ್ದರೆ ಇದೇ ತೊಂದರೆ.

ಹಳೆಯ ರೂಟರನ್ನು ಇಟ್ಟುಕೊಳ್ಳುವುದಾದರೆ ಮೊದಲು ಅದಕ್ಕೆ ಮುಖ್ಯ ರೂಟರಿನ ಸಾಲಿನದೇ ಖಾಲಿ ವಿಳಾಸ ಕೊಡಿ, ಆಮೇಲೆ ಅದರಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಕೊನೆಗೆ ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಚುಚ್ಚಿ, ವ್ಯಾನ್ ಪೋರ್ಟಿಗೆ ಅಲ್ಲ. ಈ ಕ್ರಮ ತಪ್ಪಿದರೆ ರೂಟರಿನ ಒಳಗೆ ಹೋಗುವ ದಾರಿಯೇ ಮುಚ್ಚಿ, ರೀಸೆಟ್ ಮಾಡಿ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಆದರೆ ನಿಮ್ಮದು ವ್ಯಾಪಾರ. ಅತಿಥಿಯ ಫೋನು, ಟ್ಯಾಲಿ ಕಂಪ್ಯೂಟರು, ಕ್ಯಾಮೆರಾ ಮೂರೂ ಒಂದೇ ನೆಟ್‌ವರ್ಕಿನಲ್ಲಿ ಇರಲೇಬಾರದು. ಅತಿಥಿಯ ಲ್ಯಾಪ್‌ಟಾಪಿನಲ್ಲಿ ವೈರಸ್ ಇದ್ದರೆ ಅದು ನೇರವಾಗಿ ನಿಮ್ಮ ಲೆಕ್ಕದ ಫೋಲ್ಡರ್ ಕಾಣುತ್ತದೆ. ಇದಕ್ಕೆ ಮೂರು ಕೇಬಲ್ ಬೇಕಿಲ್ಲ, ಒಂದೇ ಕೇಬಲ್ಲಿನಲ್ಲಿ ಹಲವು ನೆಟ್‌ವರ್ಕುಗಳನ್ನು ಬೇರೆ ಬೇರೆಯಾಗಿ ಓಡಿಸುವ ವಿಲ್ಯಾನ್ (VLAN) ಸಾಕು. ವಿಲ್ಯಾನ್ ತಿಳಿಯುವ ಒಂದು ರೂಟರ್ ಮತ್ತು ಮೂರು ಕಟ್ಟಡಕ್ಕೆ ಮೂರು ಸ್ಮಾರ್ಟ್ ಸ್ವಿಚ್. ಆಫೀಸಿಗೆ ವಿಲ್ಯಾನ್ ಸಂಖ್ಯೆ 10, ವಿಳಾಸ 192.168.10ರ ಸಾಲು. ಅತಿಥಿಗಳಿಗೆ 20, ಕ್ಯಾಮೆರಾಗಳಿಗೆ 30, ಅದೇ ಮಾದರಿ. ವಿಲ್ಯಾನ್ ಸಂಖ್ಯೆ ಮತ್ತು ವಿಳಾಸದ ಮೂರನೆಯ ಸಂಖ್ಯೆ ಒಂದೇ ಇದ್ದರೆ ನಿಮ್ಮ ನಂತರ ಬರುವವರಿಗೂ ಅರ್ಥವಾಗುತ್ತದೆ. ಫೈಬರ್ ಹೋಗುವ ಪೋರ್ಟ್ ಮೂರಕ್ಕೂ ಟ್ಯಾಗ್ (ಯಾವ ವಿಲ್ಯಾನಿನದು ಎಂಬ ಗುರುತು) ಆಗಿರಬೇಕು, ಕಂಪ್ಯೂಟರ್ ಚುಚ್ಚುವ ಪೋರ್ಟ್ ಒಂದಕ್ಕೆ ಮಾತ್ರ, ಟ್ಯಾಗ್ ಇಲ್ಲದೆ. ಅತಿಥಿಗಳ ಸಾಲಿನಿಂದ ಉಳಿದೆರಡಕ್ಕೆ ಹೋಗದಂತೆ ರೂಟರಿನ ಫೈರ್‌ವಾಲಿನಲ್ಲಿ ತಡೆಯಿರಿ. ಈ ನಿಯಮ ಹಾಕದಿದ್ದರೆ ವಿಲ್ಯಾನ್ ಇದ್ದೂ ರೂಟರೇ ದಾರಿ ಮಾಡಿಕೊಡುತ್ತದೆ, ಬಹಳ ಜನ ಮರೆಯುವುದು ಇಲ್ಲೇ. ಸೆಟ್ಟಿಂಗ್ ಮಾಡುವಾಗ ಪ್ರತಿ ಸ್ವಿಚ್ಚಿನಲ್ಲೂ ಒಂದು ಪೋರ್ಟನ್ನು ಮುಟ್ಟದೆ ಬಿಡಿ, ಹೊರಗೆ ಸಿಕ್ಕಿಬಿದ್ದರೆ ಆ ಪೋರ್ಟಿನಿಂದ ಒಳಗೆ ಬರಬಹುದು.

ಸಂಜೆಯ ವಿಡಿಯೋ ಕಾಲ್: ಡೌನ್‌ಲೋಡ್ ಸಾಲದೆ ಹೀಗಾಗುವುದು ಅಪರೂಪ. ಅತಿಥಿಗಳ ಫೋನುಗಳು ವೈಫೈ ಸಿಕ್ಕ ಕೂಡಲೇ ಅಬ್ಬಿ ಜಲಪಾತದ, ದುಬಾರೆಯ ಫೋಟೋ ವಿಡಿಯೋಗಳನ್ನೆಲ್ಲ ಕ್ಲೌಡಿಗೆ ಏರಿಸಲು ಶುರು ಮಾಡುತ್ತವೆ. ಅಪ್‌ಲೋಡ್ ದಾರಿ ತುಂಬಿ, ಫೈಬರ್ ಡಬ್ಬದ ಬಫರಿನಲ್ಲಿ ಸರತಿ ಬೆಳೆದು, ನಿಮ್ಮ ಮಾತು ಆ ಸರತಿಯ ಹಿಂದೆ ನಿಲ್ಲುತ್ತದೆ. ಒಂದು ಧ್ವನಿ ಕರೆಗೆ 100 ಕೆಬಿಪಿಎಸ್ ಕೂಡ ಬೇಡ, ಆದರೆ ವಿಳಂಬ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ದಾಟಿದರೆ ಮಾತುಗಳು ಒಂದರ ಮೇಲೊಂದು ಬೀಳಲು ಶುರುವಾಗುತ್ತವೆ. ಕಾರ್ಡ್ ಮೆಷೀನಿನ ಕಥೆಯೂ ಇದೇ, ಅದು ಕಳಿಸುವ ಡೇಟಾ ಬಹಳ ಕಡಿಮೆ. ರೂಟರಿನಲ್ಲಿ ಈ ಸರತಿಯನ್ನು ನಿಭಾಯಿಸುವ ಎಸ್‌ಕ್ಯೂಎಂ ಎಂಬ ಸೌಲಭ್ಯ ಇದ್ದರೆ ಆನ್ ಮಾಡಿ, ಎರಡೂ ದಿಕ್ಕಿನ ವೇಗವನ್ನು ನಿಜವಾಗಿ ಸಿಗುವುದರ 85ರಿಂದ 90 ಶೇಕಡಾಕ್ಕೆ ಇಡಿ. ಆಗ ಸರತಿ ನಿಮ್ಮ ರೂಟರಿನಲ್ಲಿ ನಿಲ್ಲುತ್ತದೆ, ಯಾರು ಮೊದಲು ಹೋಗಬೇಕೆಂದು ಅದು ನೋಡಿಕೊಳ್ಳುತ್ತದೆ. ಅತಿಥಿಗಳಿಗೆ ತಲಾ 10 ಎಂಬಿಪಿಎಸ್ ಮಿತಿ ಹಾಕಿದರೂ ಅವರಿಗೆ ಏನೂ ಕೊರತೆಯಾಗುವುದಿಲ್ಲ.

ರಿಪೀಟರ್ ತೆಗೆದುಹಾಕಿ. ಕೇಳಿದ್ದನ್ನೇ ಅದೇ ರೇಡಿಯೋದಲ್ಲಿ ಮತ್ತೆ ಹೇಳುವುದರಿಂದ ವೇಗ ಅಲ್ಲೇ ಅರ್ಧವಾಗುತ್ತದೆ. ಹಳೆಯ ಮಣ್ಣಿನ ಗೋಡೆಯ ಮನೆಯಾದರೆ ಎರಡು ಕೋಣೆಗೆ ಒಂದು ಆಕ್ಸೆಸ್ ಪಾಯಿಂಟ್, ಪ್ರತಿಯೊಂದಕ್ಕೂ ಕೇಬಲ್. 2.4 ಗಿಗಾಹರ್ಟ್ಸಿನಲ್ಲಿ 1, 6, 11 ಚಾನೆಲ್ ಬಿಟ್ಟು ಬೇರೆ ಬೇಡ, ಅಗಲ 20 ಮೆಗಾಹರ್ಟ್ಸ್.

ಟ್ಯಾಲಿ ಕಂಪ್ಯೂಟರುಗಳು ಎರಡೂ ಕೇಬಲ್ಲಿನಲ್ಲೇ ಇರಲಿ. ಡೇಟಾ ತೆರೆದಿರುವಾಗ ಲಿಂಕ್ ಕಡಿದರೆ ಫೈಲ್ ಕೆಡಬಹುದು. ಬ್ಯಾಕಪ್ ದಿನವೂ, ಬೇರೆ ಡಿಸ್ಕಿಗೆ.

ಸುಂಟಿಕೊಪ್ಪ_ಎಸ್ಟೇಟ್:

ತುಂಬ ಉಪಕಾರವಾಯಿತು. ಐಪಿಕಾನ್ಫಿಗ್ ನೋಡಿದೆ, ನೀವು ಹೇಳಿದ ಹಾಗೆಯೇ ಗೇಟ್‌ವೇ ಬೇರೆ ತೋರಿಸುತ್ತಿದೆ. ಇನ್ನು ಮೂರು ಪ್ರಶ್ನೆ. ಗೋಡೌನಿಗೆ ಅಗೆಯುವ ಬದಲು ವೈರ್‌ಲೆಸ್ ಬ್ರಿಡ್ಜ್ ಹಾಕಿದರೆ ಸಾಕೇ? ಹೋಂಸ್ಟೇ ಒಳಗೆ ಮೊಬೈಲ್ ಸಿಗ್ನಲ್ ಇಲ್ಲ, ಬೂಸ್ಟರ್ ಹಾಕಬಹುದೇ? ಮಳೆಗಾಲದಲ್ಲಿ ಕರೆಂಟೂ ಲೈನೂ ಒಟ್ಟಿಗೆ ಹೋದರೆ ಏನು ಮಾಡುವುದು?

ನಾರುತಂತಿ:

ಬ್ರಿಡ್ಜ್ ಬಗ್ಗೆ: ಒಂದು ತುದಿಯಿಂದ ಇನ್ನೊಂದು ಕಣ್ಣಿಗೆ ಕಂಡರೆ ಸಾಲದು, ಆ ರೇಖೆಯ ಸುತ್ತ ಜಾಗವೂ ಖಾಲಿ ಇರಬೇಕು. ಗೋಡೌನಿನ 160 ಮೀಟರಿಗೆ 5 ಗಿಗಾಹರ್ಟ್ಸಿನಲ್ಲಿ ನಡುಮಧ್ಯೆ ಸುಮಾರು 1.5 ಮೀಟರ್ ತ್ರಿಜ್ಯದ ಜಾಗ, ಕನಿಷ್ಠ ಅದರ 60 ಶೇಕಡಾ ಖಾಲಿ ಬೇಕು. ನೆರಳು ಮರ ತುಂಬಿದ ಕಾಫಿ ತೋಟದಲ್ಲಿ ಅದು ಸಿಗುವುದಿಲ್ಲ. ಮರ ಕಪಾತು ಮುಗಿದ ಕೂಡಲೇ ಹಾಕಿಸಿದರೆ ಚೆನ್ನಾಗಿಯೇ ಓಡುತ್ತದೆ, ಅದನ್ನು ನೋಡಿ ಮೋಸ ಹೋಗುತ್ತಾರೆ. ಮಳೆಗೆ ಚಿಗುರಿ, ಎಲೆ ಒದ್ದೆಯಾದಾಗ ಸಿಗ್ನಲ್ ಕುಸಿಯುತ್ತದೆ. ಕಣದ ಮೇಲೆ ತೆರೆದ ಬಯಲಿದ್ದರೆ ಸರಿ, ಇಲ್ಲವಾದರೆ ಅಗೆಯಿರಿ.

ಪ್ಯಾಕೆಟ್‌ಪಥ:

ಬೂಸ್ಟರ್ ಬೇಡ. ಅನುಮತಿಯಿಲ್ಲದ ಮೊಬೈಲ್ ಬೂಸ್ಟರ್ ಇಡುವುದು ಕಾನೂನಿಗೆ ವಿರುದ್ಧ, ಸುತ್ತಲಿನವರ ಸಿಗ್ನಲನ್ನೂ ಕೆಡಿಸುತ್ತದೆ. ಅಗತ್ಯವೂ ಇಲ್ಲ. ಅತಿಥಿಗಳಿಗೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಲು ಹೇಳುವ ಒಂದು ಚೀಟಿಯನ್ನು ಕೋಣೆಯಲ್ಲಿ ಅಂಟಿಸಿ. ಅವರ ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಹೋಗುತ್ತದೆ. ಫೈರ್‌ವಾಲ್ ಬಿಗಿ ಮಾಡುವಾಗ ಯುಡಿಪಿ 500 ಮತ್ತು 4500 ಪೋರ್ಟುಗಳನ್ನು ಮುಚ್ಚಬೇಡಿ, ವೈಫೈ ಕಾಲಿಂಗ್ ಹೋಗುವುದು ಆ ದಾರಿಯಲ್ಲಿ.

ಕ್ಯಾಮೆರಾ ಬಗ್ಗೆ ನೀವು ಕೇಳದಿದ್ದರೂ ಹೇಳುತ್ತೇನೆ. 2 ಎಂಬಿಪಿಎಸ್ ಬಿಟ್‌ರೇಟಿಗೆ (ರೆಕಾರ್ಡಿಂಗಿನ ಡೇಟಾ ವೇಗಕ್ಕೆ) ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬಿಸುತ್ತದೆ, ಎಂಟಕ್ಕೆ ಸುಮಾರು 173 ಜಿಬಿ. 4 ಟಿಬಿ ಡಿಸ್ಕ್ 23 ದಿನ ಬರುತ್ತದೆ. ಬಿಟ್‌ರೇಟ್ 4ಕ್ಕೆ ಏರಿಸಿದರೆ 11 ದಿನವಷ್ಟೇ. ಕಣದಲ್ಲಿ ಕಾಫಿ ಹರಡಿರುವ ತಿಂಗಳುಗಳ ಲೆಕ್ಕ ಹಾಕಿ ಡಿಸ್ಕ್ ಕೊಳ್ಳಿ. ದೂರದಿಂದ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ರೆಕಾರ್ಡರಿಗೆ ನೇರ ದಾರಿ ತೆರೆಯುವುದು) ಮಾಡುವವರಿಗೆ ಒಂದು ಮಾತು: ರೂಟರಿನ ಹೊರಬದಿಯ (ವ್ಯಾನ್) ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚಿದೆ, ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ವಿಳಾಸ ಹಂಚಿಕೆಯಲ್ಲದಿದ್ದರೂ ರೆಕಾರ್ಡರನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡಬಾರದು. ವಿಪಿಎನ್ (ಗುಪ್ತ ಸಂಪರ್ಕದ ದಾರಿ) ಬಳಸಿ.

ಕುಶಾಲನಗರ_ಪವರ್ ಉತ್ತರಿಸಿದ್ದು:

ಕರೆಂಟಿನ ಭಾಗ ನಾನು ಹೇಳುತ್ತೇನೆ. ಫೈಬರ್ ಡಬ್ಬ ಮತ್ತು ರೂಟರ್ 20 ವ್ಯಾಟ್, ಸ್ವಿಚ್ಚುಗಳು 15, ಕ್ಯಾಮೆರಾ 50, ರೆಕಾರ್ಡರ್ 15, ಒಟ್ಟು ನೂರು ವ್ಯಾಟ್ ಎಂದುಕೊಳ್ಳಿ. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ ಇರುವುದು 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡದೆ 80 ಶೇಕಡಾ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಹೊಸ ಬ್ಯಾಟರಿಯಲ್ಲಿ 12 ಗಂಟೆ. ಮೂರು ಕಟ್ಟಡಕ್ಕೂ ಬೇರೆ ಬೇರೆ ಬ್ಯಾಕಪ್ ಬೇಕು ಎಂಬುದು ನೆನಪಿರಲಿ, ಫೈಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಆಯ್ಕೆ ಮಾಡಿ, ಇಲ್ಲವಾದರೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ರೂಟರಿಗೆ ಚಿಕ್ಕ ಡಿಸಿ ಯುಪಿಎಸ್ ಕೊಳ್ಳುವವರು ಅಡಾಪ್ಟರ್ 9 ವೋಲ್ಟೋ 12 ವೋಲ್ಟೋ ಓದಿ ಕೊಳ್ಳಿ, ಪಿನ್ ಒಂದೇ ಥರ ಇರುತ್ತದೆ.

ಅರ್ಥಿಂಗ್ ಅಳೆಯುವುದು ಮಾರ್ಚ್ ತಿಂಗಳಲ್ಲಿ. ಜುಲೈಯಲ್ಲಿ ನೆಲ ನೆನೆದಿರುವಾಗ ಯಾವ ಗುಂಡಿಯೂ ಒಳ್ಳೆಯ ರೀಡಿಂಗ್ ಕೊಡುತ್ತದೆ. ಸಿಡಿಲು ಬರುವುದು ಏಪ್ರಿಲ್-ಮೇನಲ್ಲಿ, ನೆಲ ಒಣಗಿರುವಾಗ. ಆಗ 5 ಓಮಿನೊಳಗೆ ಇರಬೇಕು. ಪ್ರತಿ ಕಟ್ಟಡದ ಮುಖ್ಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದರ ಎರಡೂ ಬದಿಯ ವೈರ್ ಸೇರಿ ಅರ್ಧ ಮೀಟರ್ ಮೀರದಿರಲಿ. ಉದ್ದ ವೈರಿನಲ್ಲೇ ಸಾಕಷ್ಟು ವೋಲ್ಟೇಜ್ ಉಳಿದು ಉಪಕರಣಕ್ಕೆ ಹೋಗುತ್ತದೆ. ಸೋಲಾರ್ ಬೇಲಿಯ ಅರ್ಥ್ ಸರಳು ಕಟ್ಟಡದ ಅರ್ಥಿನಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಎರಡನ್ನೂ ಒಂದೇ ಗುಂಡಿಗೆ ಸೇರಿಸಿದ್ದರೆ ಇಂದೇ ಬಿಡಿಸಿ.

ಎರಡನೆಯ ಲೈನ್ ತೆಗೆದುಕೊಳ್ಳುವ ಮುನ್ನ ಅದು ಯಾವ ಕಂಬದ ಮೇಲೆ ಬರುತ್ತದೆ ನೋಡಿ. ಎರಡು ಕಂಪನಿಯ ಫೈಬರ್ ಒಂದೇ ಕಂಬದಲ್ಲಿದ್ದರೆ ಒಂದು ಮರ ಎರಡನ್ನೂ ಕೆಡವುತ್ತದೆ. ಅದಕ್ಕಿಂತ ಸಿಮ್ ಹಾಕುವ 4ಜಿ ರೂಟರ್, ಮಾಡಿನ ಮೇಲೆ ಆಂಟೆನಾ ಮೇಲು. ಟವರಿಗೂ ಬ್ಯಾಟರಿ ಮುಗಿಯುತ್ತದೆ, ಕೆಲವು ಟವರಿನ ಸಂಪರ್ಕ ಅದೇ ರಸ್ತೆಯ ಫೈಬರಿನ ಮೇಲೆ ಇರುತ್ತದೆ. ಹಾಗಾಗಿ ನಿಮ್ಮ ಫೈಬರ್ ಹೋದ ದಿನ ಯಾವ ಕಂಪನಿಯ ಸಿಗ್ನಲ್ ಉಳಿದಿರುತ್ತದೆ ಎಂದು ಬರೆದಿಟ್ಟುಕೊಂಡು ಆ ಸಿಮ್ ಕೊಳ್ಳಿ. ರೂಟರಿನ ಫೇಲ್‌ಓವರ್ (ಫೈಬರ್ ಹೋದಾಗ ತಾನೇ ಸಿಮ್ಮಿಗೆ ಬದಲಾಗುವ) ಪರೀಕ್ಷೆ ಹೊರಗಿನ ವಿಳಾಸಕ್ಕೆ, ಉದಾಹರಣೆಗೆ 8.8.8.8ಕ್ಕೆ, ಪಿಂಗ್ ಮಾಡುವಂತಿರಲಿ, ಅಂದರೆ ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ನೋಡುವಂತಿರಲಿ. ಕೇಬಲ್ ಚುಚ್ಚಿದೆಯೇ ಎಂದಷ್ಟೇ ನೋಡುವ ರೂಟರು, ಹೊರಗಿನ ಫೈಬರ್ ಕಡಿದಿದ್ದರೂ ಎಲ್ಲ ಸರಿಯಿದೆ ಎಂದೇ ತಿಳಿಯುತ್ತದೆ. ಸಿಮ್ಮಿಗೆ ಹೋದಾಗ ಅತಿಥಿಗಳ ವಿಲ್ಯಾನ್ ನಿಲ್ಲಲಿ; ಬಿಲ್ಲಿಂಗ್, ಕಾರ್ಡ್ ಮೆಷೀನ್ ಮಾತ್ರ ಓಡಲಿ.

ನಾರುತಂತಿ:

ಇನ್ನೊಂದು. ಈಗ ಲೈನ್ ಚೆನ್ನಾಗಿರುವಾಗಲೇ ಫೈಬರ್ ಡಬ್ಬದ ಪುಟ ತೆರೆದು ಆಪ್ಟಿಕಲ್ ಆರ್‌ಎಕ್ಸ್ ಪವರ್ (ಬಂದು ತಲುಪುವ ಬೆಳಕಿನ ಬಲ) ಎಷ್ಟಿದೆ ಬರೆದಿಡಿ. ಮೈನಸ್ 18ರಿಂದ 24 ಡಿಬಿಎಂ ಒಳ್ಳೆಯದು, ಮೈನಸ್ 27 ದಾಟಿದರೆ ಲೈನ್ ಹೋಗಿ ಬಂದು ಮಾಡುತ್ತದೆ. ನೆಟ್ ನಿಂತಾಗ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಹೊರಗಿನ ಫೈಬರ್ ಕಡಿದಿದೆ, ರೂಟರ್ ಆಫ್-ಆನ್ ಮಾಡುತ್ತ ಕೂರಬೇಡಿ. ದೀಪ ಸರಿಯಿದ್ದರೆ ಮೊದಲು ರೂಟರಿಗೆ ಪಿಂಗ್, ಆಮೇಲೆ 8.8.8.8ಕ್ಕೆ, ಆಮೇಲೆ ಒಂದು ವೆಬ್‌ಸೈಟಿನ ಹೆಸರಿಗೆ. ಮೊದಲನೆಯದೇ ಬರದಿದ್ದರೆ ತೊಂದರೆ ನಿಮ್ಮ ಕೇಬಲ್ ಅಥವಾ ವೈಫೈಯದು, ಎರಡನೆಯದು ಬರದಿದ್ದರೆ ಕಂಪನಿಯದು, ಮೂರನೆಯದು ಮಾತ್ರ ಬರದಿದ್ದರೆ ಡಿಎನ್‌ಎಸ್ (ವೆಬ್‌ಸೈಟಿನ ಹೆಸರನ್ನು ವಿಳಾಸವಾಗಿ ಬದಲಿಸುವ ಸೇವೆ) ವಿಳಾಸ ಬದಲಾಯಿಸಿ ನೋಡಿ. ದೂರು ಕೊಡುವಾಗ "ನೆಟ್ ಸ್ಲೋ" ಎನ್ನುವ ಬದಲು "ಮೈನಸ್ 21 ಇದ್ದದ್ದು ಮೈನಸ್ 26 ಆಗಿದೆ" ಎಂದು ಹೇಳಿ. 3 ಡಿಬಿ ಇಳಿದರೇ ಬೆಳಕು ಅರ್ಧವಾದಂತೆ. ಜಾಯಿಂಟ್ ಡಬ್ಬಕ್ಕೆ ನೀರು ಹೋಗಿದೆಯೋ, ಕೇಬಲ್ ಎಲ್ಲೋ ಮಡಚಿದೆಯೋ ಹುಡುಕಲು ಲೈನ್‌ಮನ್ ಮೀಟರ್ ಹಿಡಿದೇ ಬರುತ್ತಾನೆ.